ಗುಡ್ಡವ್ವ ಬೀಳು ಬಿಟ್ಟ ಹೊಲ

ಗಜೇಂದ್ರಗಡದ ಗುಡ್ಡದ ಕೆಳಗಿನ ಆ ಊರಿನಲ್ಲಿ ಗುಡ್ಡವ್ವನ ಬಾಯಿಗೆ ಸಿಗದೆ ಉಳಿದವರು ಯಾರೂ ಇಲ್ಲ. ಸತ್ತವರನ್ನಾದರೂ ಬಿಡುತ್ತಾಳೆಯೇ ಎಂದರೆ ಅದೂ ಇಲ್ಲ. ಅತ್ತೆ ಸತ್ತು ಇಪ್ಪತ್ತು ವರ್ಷವಾಯಿತು. ಇವತ್ತಿಗೂ ರೊಟ್ಟಿ ಹೊತ್ತಿದರೆ, "ಈ ಹಂಚು ಆಕಿ ತಂದಿದ್ದು, ಆಕಿ ಬುದ್ಧಿನ ಇದಕ್ಕೂ ಬಂದೈತಿ" ಎನ್ನುತ್ತಾಳೆ. ಗಂಡ ಪರಶಪ್ಪನನ್ನು ಬೈಯುವಾಗ ಮಾತ್ರ ಮರ್ಯಾದೆ ತಪ್ಪುವುದಿಲ್ಲ. "ನಿಮ್ಮ ತಲಿಯಾಗ ಏನೈತ್ರಿ? ಸಗಣಿ ತುಂಬೈತೇನ್ರಿ?" ಎಂದು ಪ್ರತಿ ಬೈಗುಳಕ್ಕೂ ಒಂದು 'ರಿ' ಹಚ್ಚಿ ಕೊಡುತ್ತಾಳೆ. ಪರಶಪ್ಪ ಅದನ್ನು ಕೇಳಿಸಿಕೊಂಡು, ಎಲೆಅಡಿಕೆ ಹಾಕಿಕೊಂಡು ಸುಮ್ಮನೆ ಕೂಡುತ್ತಾನೆ. ಮೂವತ್ತೈದು ವರ್ಷದ ಸಂಸಾರದಲ್ಲಿ ಅವನು ಕಲಿತ ವಿದ್ಯೆ ಅದೊಂದೇ, ಮತ್ತು ಅದು ಸಣ್ಣ ವಿದ್ಯೆಯೇನಲ್ಲ.

ಗುಡ್ಡವ್ವನ ತವರು ಅಸೂಟಿ. ಅಲ್ಲಿ ಎರೆ ಭೂಮಿ; ಬಿತ್ತಿ ಬಂದರೆ ಸಾಕು, ಹಿಂಗಾರಿ ಜೋಳ ಆಳೆತ್ತರ ನಿಲ್ಲುತ್ತದೆ. ಅಲ್ಲಿಂದ ಅವಳು ಮದುವೆಯಾಗಿ ಬಂದದ್ದು ಪರಶಪ್ಪನ ಐದೆಕರೆ ಮಸಾರಿಗೆ. ಕೆಂಪು ಮಣ್ಣು, ಮೇಲೆ ಗರಸು, ಒಂದು ಮೊಳ ಅಗೆದರೆ ಬಂಡೆ. ಮದುವೆಯಾದ ವಾರದಲ್ಲಿ ಹೊಲ ನೋಡಿ ಬಂದವಳು ಅಂಗಳದ ನಡುವೆ ನಿಂತು, "ಇದನ್ನ ಹೊಲ ಅಂತ ಹೇಳಿ ಹೆಣ್ಣು ಕೇಳಾಕ ಬಂದಿದ್ರಲ್ಲ, ನಿಮಗ ನಾಚಿಕಿ ಬರಲಿಲ್ಲೇನು?" ಎಂದು ಮಾವನನ್ನೇ ಕೇಳಿದ್ದಳಂತೆ. ಮಾವ ಮೂರು ದಿನ ಕಟ್ಟೆ ಬಿಟ್ಟು ಮನೆಗೆ ಬರಲಿಲ್ಲ.

ಆ ಹೊಲಕ್ಕೆ ಗರಸು ಸಾಲದೆಂದು ಚಿಗರಿಗಳೂ ಇದ್ದವು. ಗುಡ್ಡದ ಸಂದಿಯಿಂದ ಬೆಳಗಿನ ಹೊತ್ತು ಕೃಷ್ಣಮೃಗಗಳ ಹಿಂಡು ಇಳಿದು ಬರುವುದು, ಹೆಸರಿನ ಕುಡಿ, ಶೇಂಗಾದ ಎಲೆ ನೆಕ್ಕಿ ಹೋಗುವುದು. ಗುಡ್ಡವ್ವ ಡಬ್ಬಿ ಬಡಿದಳು, ಹೊಲದ ಸುತ್ತ ಹಳೆಯ ಸೀರೆ ಕಟ್ಟಿದಳು. ಮೊದಲ ತಿಂಗಳು ಚಿಗರಿಗಳು ಸೀರೆಗೆ ಹೆದರಿದವು. ಎರಡನೆಯ ತಿಂಗಳು ಸೀರೆಯ ಕೆಳಗೇ ನೆರಳಿಗೆ ಮಲಗಿದವು. ಅರಣ್ಯದವರ ಹತ್ತಿರ ಹೋದರೆ ಅರ್ಜಿ, ಫೋಟೋ, ಉತಾರ. ಅದನ್ನೆಲ್ಲ ಕೂಡಿಸಿಕೊಂಡು ಹೋಗುವ ಹೊತ್ತಿಗೆ ಇನ್ನೊಂದು ಬೆಳೆ ಹೋಗಿರುತ್ತಿತ್ತು. ಹೊಟ್ಟೆ ಹೊರೆಯಲು ಪರಶಪ್ಪ ವರ್ಷವರ್ಷವೂ ಸಂಕ್ರಮಣ ಮುಗಿಸಿಕೊಂಡು ಗೋವಾಕ್ಕೆ ಕಾಂಕ್ರೀಟು ಕೆಲಸಕ್ಕೆ ಹೋಗುತ್ತಿದ್ದ. ಮುಂಗಾರಿಗೆ ಬರುವಾಗ ಪ್ರತಿ ವರ್ಷವೂ ಸ್ವಲ್ಪ ಬಾಗಿ ಬರುತ್ತಿದ್ದ. ಕಡೆಕಡೆಗೆ ಚಪ್ಪಲಿ ಮೆಟ್ಟಲು ಗೋಡೆ ಹಿಡಿಯಬೇಕಾಯಿತು.

ಒಂದು ವರ್ಷ ಹೆಸರು ಹೂವಿಗೆ ಬಂದಿತ್ತು. ಎರಡೇ ಮುಂಜಾವಿನಲ್ಲಿ ಹಿಂಡು ಅದನ್ನು ಬೋಳಿಸಿ ಇಟ್ಟಿತು. ಗುಡ್ಡವ್ವ ಬದುವಿನ ಮೇಲೆ ನಿಂತು, ಓಡದೆ ತನ್ನನ್ನೇ ನೋಡುತ್ತಿದ್ದ ಕರಿ ಗಂಡುಚಿಗರಿಗೆ, "ಬಿತ್ತೂದು ನಾನು, ಮೇಯೂದು ನೀವು. ಮುಂದಿನ ವರ್ಷ ನೀವ ಬಿತ್ಗೊಂಡು ತಿಂದು ಸಾಯ್ರಿ!" ಎಂದು ಕೂಗಿದಳು. ಮರುವರ್ಷ ಹೊಲಕ್ಕೆ ಕುಂಟೆ ಹಚ್ಚಲು ಬಿಡಲಿಲ್ಲ. ಇಷ್ಟೇ ನಡೆದದ್ದು. ಆಮೇಲೆ ಪತ್ರಿಕೆಯೊಂದರಲ್ಲಿ "ಮೂಕಪ್ರಾಣಿಗಳಿಗೆ ಮಡಿಲು ಕೊಟ್ಟ ಮಹಾತಾಯಿ" ಎಂದು ಬರೆದರಲ್ಲ, ಬರೆದವನು ಊರ ಕಡೆ ಕಾಲಿಟ್ಟವನಲ್ಲ. ಅವಳು ಮಡಿಲನ್ನೂ ಕೊಡಲಿಲ್ಲ, ಮಣ್ಣನ್ನೂ ಕೊಡಲಿಲ್ಲ. ಸಿಟ್ಟಿನಿಂದ ಕೈಬಿಟ್ಟಳು.

ರೈತರ ಊರಿನಲ್ಲಿ ಹೊಲ ಬೀಳು ಬಿಡುವುದೆಂದರೆ ಮುತ್ತೈದೆ ಬಳೆಯಿಲ್ಲದ ಬರಿಗೈಯಲ್ಲಿ ಓಡಾಡಿದಂತೆ. ಪಕ್ಕದ ಹೊಲದ ತೋಟಪ್ಪನಿಗಂತೂ ಹಬ್ಬ. ಅವನು ಇಪ್ಪತ್ತೆಕರೆಯನ್ನು ಸೋಲಾರ್ ಕಂಪನಿಗೆ ಕೊಟ್ಟು, ಬಿಳಿ ಬಟ್ಟೆ ಹಾಕಿಕೊಂಡು ಚಹಾದಂಗಡಿಯಲ್ಲಿ ಕೂಡುವವನು. ನೇಗಿಲು ಮುಟ್ಟಿ ಆರು ವರ್ಷವಾಗಿತ್ತು. ಆದರೂ ಒಕ್ಕಲುತನದ ಬಗ್ಗೆ ಮಾತೆಂದರೆ ಅವನದೇ.

"ಗುಡ್ಡವ್ವಾ, ಹೊಲ ಬೀಳು ಬಿಟ್ಟಾಕಿ ಮನೀಗೆ ಲಕ್ಷ್ಮಿ ಬರಂಗಿಲ್ಲ ನೋಡು" ಎಂದ ಒಂದು ದಿನ.

"ನೀ ಹೊಲದ ತುಂಬ ಕನ್ನಡಿ ಹಚ್ಚೀಯಲ್ಲ ತೋಟಪ್ಪಣ್ಣ, ಅದರಾಗ ಒಮ್ಮೆ ನಿನ್ನ ಮಾರಿ ನೋಡ್ಕೋ. ಲಕ್ಷ್ಮಿ ಯಾಕ ಓಡಿ ಹ್ವಾದ್ಲು ಅನ್ನೂದು ತಿಳಿತೈತಿ" ಎಂದು ಗುಡ್ಡವ್ವ ಕೊಡ ಸೊಂಟಕ್ಕೇರಿಸಿ ನಡೆದಳು. ಅಂಗಡಿಯಲ್ಲಿದ್ದವರು ನಕ್ಕರು. ನಕ್ಕವರೂ ಮರುದಿನ ಅವಳ ಬೆನ್ನ ಹಿಂದೆ ತೋಟಪ್ಪ ಹೇಳಿದ್ದನ್ನೇ ಹೇಳಿದರು. ಊರೆಂದರೆ ಅಷ್ಟೇ.

ಆದರೆ ಮಸಾರಿಗೆ ಹೆಸರು, ಶೇಂಗಾ ಬೇಡವಾಗಿದ್ದವು, ಹುಲ್ಲು ಬೇಕಾಗಿತ್ತು ಎಂದು ಕಾಣುತ್ತದೆ. ಎರಡನೆಯ ಮಳೆಗಾಲಕ್ಕೆ ಹುಲ್ಲು ಮೊಣಕಾಲು ಮುಟ್ಟಿತು, ಮೂರನೆಯದಕ್ಕೆ ತೊಡೆ ಮುಟ್ಟಿತು. ದೀಪಾವಳಿ ಹೊತ್ತಿಗೆ ಒಣಗಿ ಹೊನ್ನಿನ ಬಣ್ಣಕ್ಕೆ ತಿರುಗಿದಾಗ ಗಜೇಂದ್ರಗಡದಲ್ಲಿ ಎಂಟು ಎಮ್ಮೆ ಕಟ್ಟಿದ್ದ ಖಾತುನಬಿ ತಾನಾಗಿ ಹುಡುಕಿಕೊಂಡು ಬಂದಳು. ಗುಡ್ಡವ್ವನಿಗೆ ಮಾತಿನಲ್ಲಿ ಸರಿಸಾಟಿಯಾದವಳು ಸುತ್ತಲಿನಲ್ಲಿ ಅವಳೊಬ್ಬಳೇ. ಬದುವಿನ ಮೇಲೆ ಕುಕ್ಕರಗಾಲಿನಲ್ಲಿ ಕೂತು ಇಬ್ಬರೂ ಹೊತ್ತು ನೆತ್ತಿಗೇರುವವರೆಗೆ ಜಗಳಾಡಿದರು. "ಇದು ಹುಲ್ಲೇನ ಗುಡ್ಡವ್ವಾ, ಬಾರಿಗಿ ಕಡ್ಡಿ" ಎಂದು ಅವಳು, "ನಿನ್ನ ಎಮ್ಮಿ ತಿನ್ನೂದು ಪೇಟಿ ಕಸ, ಇದನ್ನ ಕಂಡ್ರ ಹೆದರ್ಯಾವು" ಎಂದು ಇವಳು. ಕಡೆಗೆ ವ್ಯಾಪಾರ ಕುದುರಿತು. ಅಂದಿನಿಂದ ಪ್ರತಿ ವರ್ಷ ಖಾತುನಬಿಯ ಟೆಂಪೋ ಬಂದು ಕರಡದ ಒಣಹುಲ್ಲು ಹೇರಿಕೊಂಡು ಹೋಗುತ್ತದೆ.

ಕೊಯ್ದು ಉಳಿದ ಕೂಳೆಗೆ ಕುರಿಕಾರ ಮೈಲಾರಿ ತನ್ನ ಹಿಂಡು ತರುತ್ತಿದ್ದ. ಬೇಸಿಗೆ ಮುಗಿದ ಮೇಲೆ ಒಂದು ಮರಿ ಕೊಟ್ಟು ಹೋಗುತ್ತಿದ್ದ. ಗುಡ್ಡವ್ವ ಅವನನ್ನು "ಕಳ್ಳ" ಎಂದೇ ಕರೆಯುವುದು. ಅವನ ಎರಡು ನಾಯಿಗಳು ಅವಳ ಬುತ್ತಿಗಂಟಿನ ರೊಟ್ಟಿ ಕದ್ದಿದ್ದವು, ಅದೂ ಒಂದು ಸಲವಲ್ಲ. "ನಾಯಿ ಕಳ್ಳ, ನಾಯಿ ಸಾಕಿದಂವ ಕಳ್ಳರ ಗುರು" ಎಂಬುದು ಅವಳ ತೀರ್ಪು. ಮೈಲಾರಿ ನಗುತ್ತಿದ್ದ. ಮಳೆಗಾಲದ ನಾಲ್ಕು ತಿಂಗಳು ಬಿಟ್ಟರೆ ಅವನಿಗೆ ಊರಿಲ್ಲ, ಮನೆಯಿಲ್ಲ. ಬೈಗುಳವೂ ಒಂದು ಬಳಗವೇ.

ಹೀಗಿರುವಾಗ ಮುಕುಂದ ಬಂದ. ಹುಬ್ಬಳ್ಳಿಯ ಕಡೆಯ ಯಾವುದೋ ಸಂಸ್ಥೆಯವನು, ಹುಲ್ಲುಗಾವಲು ಉಳಿಸುವುದು ಅವರ ಕೆಲಸವಂತೆ. ತಲೆಗೆ ಬುಟ್ಟಿಯಂಥ ಟೊಪ್ಪಿಗೆ, ಕೊರಳಿಗೆ ದುರ್ಬೀನು, ಮೈತುಂಬ ಜೇಬುಗಳಿರುವ ಅಂಗಿ. ಒಂದೊಂದು ಜೇಬಿನಲ್ಲೂ ಒಂದೊಂದು ಪೆನ್ನು; ಬರೆಯಲು ಬೇಕಾದಾಗ ಮಾತ್ರ ಒಂದೂ ಸಿಗುತ್ತಿರಲಿಲ್ಲ. ಬಂದವನೇ ಕೈಮುಗಿದು, "ಗುಡ್ಡವ್ವಾರ, ನೀವು ಭಾಳ ದೊಡ್ಡ ಕೆಲಸ ಮಾಡ್ಲಿಕ್ಹತ್ತೀರಿ" ಎಂದ.

"ನಾ ಏನೂ ಮಾಡಾಕತ್ತಿಲ್ಲ ಸಾಹೇಬ್ರ. ಅದಕ್ಕ ಹಿಂಗಾಗೇತಿ" ಎಂದಳು ಗುಡ್ಡವ್ವ.

"ಚಿಗರಿ ನೋಡಿದ್ರ ನಿಮಗ ಏನ್ ಅನಸ್ತದರೀ?"

"ಹೊಟ್ಟಿ ಉರಿತೈತಿ."

ಅವನು ಅದನ್ನೂ ಬರೆದುಕೊಂಡ. ಏನು ಹೇಳಿದರೂ ಬರೆದುಕೊಳ್ಳುವವನನ್ನು ಅವಳು ಅದೇ ಮೊದಲು ನೋಡಿದ್ದು. ಒಂದು ಗಾಳಿಪಟದಂಥ ಯಂತ್ರ ಹಾರಿಸಿ ಹೊಲದ ಚಿತ್ರ ತೆಗೆದ. ಅದರ ಗುಂಯ್ ಸದ್ದಿಗೆ ಚಿಗರಿಗಳೆಲ್ಲ ಗುಡ್ಡ ಏರಿ ಹೋದವು, ಎರಡು ದಿನ ಇಳಿಯಲಿಲ್ಲ. ಚಿಗರಿ ಉಳಿಸಲು ಬಂದವನು ಮೊದಲು ಮಾಡಿದ ಕೆಲಸ ಅವುಗಳನ್ನು ಓಡಿಸಿದ್ದು.

ಆದರೆ ಅವನು ತಂದ ಮಾತು ಮಾತ್ರ ತೂಕದ್ದಾಗಿತ್ತು. ಹೊಲವನ್ನು ಹುಲ್ಲಿಗೇ ಬಿಟ್ಟರೆ ಸಂಸ್ಥೆ ವರ್ಷಕ್ಕೊಮ್ಮೆ ರೊಕ್ಕ ಕೊಡುತ್ತದೆ. ಹುಲ್ಲು ಮಾರಿಕೊಳ್ಳಬಹುದು, ಕುರಿಯನ್ನೂ ಬಿಡಬಹುದು. ನೇಗಿಲು ಹೂಡಬಾರದು, ಬೆಂಕಿ ಹಾಕಬಾರದು. ಇನ್ನೊಂದು ಕರಾರೆಂದರೆ, ಹುಲ್ಲನ್ನು ಹೊಲದ ನಡುವಿನಿಂದ ಶುರುಮಾಡಿ ಹೊರಗೆ ಕೊಯ್ಯುತ್ತ ಬರಬೇಕು. ಚಿಗರಿಯ ಎಳೆಮರಿ ಓಡುವುದಿಲ್ಲ, ಹುಲ್ಲಿನಲ್ಲಿ ಮುದುಡಿ ಬಿದ್ದಿರುತ್ತದೆ. ಸುತ್ತಲಿಂದ ಒಳಗೆ ಕೊಯ್ಯುತ್ತ ಬಂದರೆ ಕಡೆಗೆ ನಡುವಿನ ತುಂಡಿನಲ್ಲಿ ಸಿಕ್ಕಿಬೀಳುತ್ತದೆ ಎಂದು ಮುಕುಂದ ನೆಲದ ಮೇಲೆ ಕಡ್ಡಿಯಿಂದ ಗೆರೆ ಎಳೆದು ತೋರಿಸಿದ.

"ಆತು ಬಿಡ್ರಿ" ಎಂದು ಗುಡ್ಡವ್ವ ಸಹಿ ಹಾಕಿದಳು. ಅವನ ಜೀಪು ತಿರುವು ದಾಟಿದ ಮೇಲೆ, "ಹಲ್ಲು ಬರೂದಕ್ಕಿಂತ ಮೊದ್ಲು ಕುಡಗೋಲು ಹಿಡದಾಕಿ ನಾನು. ಬುಟ್ಟಿ ಹೊತಗೊಂಡು ಬಂದಂವ ನನಗ ಹುಲ್ಲು ಕೊಯ್ಯೂದು ಕಲಸ್ತಾನ!" ಎಂದಳು.

ಆ ವರ್ಷ ಪರಶಪ್ಪ ಗೋವಾಕ್ಕೆ ಹೋಗಲಿಲ್ಲ. ಸಂಸ್ಥೆಯ ರೊಕ್ಕ, ಖಾತುನಬಿಯ ರೊಕ್ಕ, ಮೈಲಾರಿಯ ಮರಿ, ಮೇಲೆ ಊರಲ್ಲಿ ಸಿಕ್ಕ ಉಳ್ಳಾಗಡ್ಡಿ ಕೀಳುವ ಕೂಲಿ, ಎಲ್ಲ ಸೇರಿ ವರ್ಷ ದಾಟಿತು. ಮುಂದಿನ ವರ್ಷವೂ ಹೋಗಲಿಲ್ಲ. ಬೇಸಿಗೆಯ ಸಂಜೆ ಗಂಡ ಅಂಗಳದಲ್ಲಿ ಹಗ್ಗ ಹೊಸೆಯುತ್ತ ಕೂತಿರುವುದನ್ನು ನೋಡುವುದು ಗುಡ್ಡವ್ವನಿಗೆ ಹೊಸದು. ಮದುವೆಯಾದಾಗಿನಿಂದ ಅವಳು ಬೇಸಿಗೆಯಲ್ಲಿ ಅವನ ಮುಖ ನೋಡಿದ್ದೇ ಕಡಿಮೆ. ಅವಳಿಗೆ ಅದು ಇಷ್ಟವಾಗಿತ್ತು, ಬಹಳ ಇಷ್ಟವಾಗಿತ್ತು. ಹೇಳಿದರೆ ಅವನ ತಲೆ ತಿರುಗುತ್ತದೆ ಎಂದು, "ಕುಂತ ಜಾಗಾ ಸವೀತೈತಿ, ಸ್ವಲ್ಪ ಸರದು ಕುಂದರ್ರಿ" ಎನ್ನುತ್ತಿದ್ದಳು.

ಈಗ ಹುಲ್ಲು ಕೊಯ್ಯುವ ರೀತಿಯನ್ನು ಹೇಳಬೇಕು. ಆ ಊರಲ್ಲಿ ಕರಡ ಕೊಯ್ಯುವುದು ಮುಯ್ಯಾಳಿನಲ್ಲಿ. ಇವತ್ತು ಅವರು ಇವರ ಹೊಲಕ್ಕೆ, ನಾಳೆ ಇವರು ಅವರ ಹೊಲಕ್ಕೆ, ಕೂಲಿ ಇಲ್ಲ. ಹನ್ನೆರಡು, ಹದಿನೈದು ಹೆಂಗಸರು ನಾಲ್ಕೂ ಬದುವಿನ ಮೇಲೆ ಹರಡಿ ನಿಲ್ಲುತ್ತಾರೆ, ಒಬ್ಬರನ್ನೊಬ್ಬರು ಆಡಿಕೊಳ್ಳುತ್ತ ಒಳಗೆ ಕೊಯ್ಯುತ್ತ ಬರುತ್ತಾರೆ. ಯಾರು ಮೊದಲು ನಡು ಮುಟ್ಟುತ್ತಾರೋ ಅವರಿಗೆ ಒಂದು ಹೊರೆ ಹುಲ್ಲು ಹೆಚ್ಚಿಗೆ. ಹೊರೆ ಮುಖ್ಯವಲ್ಲ, ನಡು ಮುಟ್ಟಿದವಳು ಕುಡಗೋಲು ಎತ್ತಿ ಕೂಗು ಹಾಕುತ್ತಾಳೆ, ಉಳಿದವರು ಅಲ್ಲೇ ಕೈ ನಿಲ್ಲಿಸಬೇಕು. ಇಪ್ಪತ್ತೇಳು ವರ್ಷದಿಂದ ಆ ಕೂಗು ಗುಡ್ಡವ್ವನದೇ. ಊರಲ್ಲಿ ಅವಳಿಗೆ ಹೊಲ, ಮನೆ, ಬಂಗಾರ ಯಾವುದರಲ್ಲೂ ಮೇಲುಗೈ ಇಲ್ಲ. ಆ ಒಂದು ಕೂಗಿನಲ್ಲಿ ಇತ್ತು. ನಡುವಿನಿಂದ ಕೊಯ್ಯಲು ಹೊರಟರೆ ಮುಟ್ಟುವುದಕ್ಕೆ ನಡುವಾದರೂ ಎಲ್ಲಿ ಉಳಿಯುತ್ತದೆ?

ಹಾಗಾಗಿ ಅವಳು ಬದುವಿನಿಂದಲೇ ಕೊಯ್ಯಿಸಿದಳು. ಒಂದು ವರ್ಷ ಏನೂ ಆಗಲಿಲ್ಲ. ಎರಡನೆಯ ವರ್ಷವೂ ಏನೂ ಆಗಲಿಲ್ಲ. ಮುಕುಂದನ ಗೆರೆಯ ಮೇಲೆ ಅವಳಿಗಿದ್ದ ತಾತ್ಸಾರ ಗಟ್ಟಿಯಾಯಿತು.

ಹೋದ ಕಾರ್ತೀಕದಲ್ಲಿ ಮೂರನೆಯ ಕೊಯ್ಲು. ಹಿಂದಿನ ದಿನ ಮುಕುಂದ ಫೋನು ಮಾಡಿ, "ಈ ವರ್ಷ ಮರಿ ತಡಾ ಆಗ್ಯಾವ್ರೀ, ಇನ್ನೂ ಸಣ್ಣಾವು ಅವ. ದಯವಿಟ್ಟು ನಡುವಿನಿಂದನ ಶುರು ಮಾಡ್ರಿ" ಎಂದ. "ಹೂಂ" ಎಂದು ಗುಡ್ಡವ್ವ ಫೋನು ಇಟ್ಟಳು. ಅವಳ ತಲೆಯಲ್ಲಿ ಆಗ ಇದ್ದದ್ದು ಉಮಾ. ಮೇಲಿನ ಓಣಿಗೆ ಆ ವರ್ಷ ಸೊಸೆಯಾಗಿ ಬಂದ ಹುಡುಗಿ. ಇಪ್ಪತ್ತೆರಡು ವರ್ಷ, ಉದ್ದ ಕೈ. ಗುಡ್ಡವ್ವ ಹೋಗದ ಹೊಲಗಳಲ್ಲೆಲ್ಲ ಮೊದಲು ನಡು ಮುಟ್ಟುತ್ತ ಬಂದಿದ್ದಳು. "ಈ ಸಲ ಗುಡ್ಡವ್ವನ ಕೂಗು ಮುಗೀತು" ಎಂದು ತೋಟಪ್ಪ ಅಂಗಡಿಯಲ್ಲಿ ಕೂತು ಸಾರಿದ್ದ. ಹೊಲದ ಕೆಲಸ ಬಿಟ್ಟವರಿಗೆ ಹೊಲದ ಸುದ್ದಿ ಹೆಚ್ಚು.

ಇಬ್ಬನಿ ಆರಿದ ಮೇಲೆ ಕೊಯ್ಲು ಶುರುವಾಯಿತು. ಪಕ್ಕದ ಬಯಲಿನಲ್ಲಿ ಮೈಲಾರಿ ಹಿಂಡು ನಿಲ್ಲಿಸಿಕೊಂಡು ಕಾಯುತ್ತಿದ್ದ. ಖಾತುನಬಿಯ ಟೆಂಪೋ ದಾರಿಯಲ್ಲಿ ನಿಂತಿತ್ತು. ಪರಶಪ್ಪ ಕೊಯ್ದದ್ದನ್ನು ಸಿವುಡು ಕಟ್ಟುತ್ತ ಹಿಂದೆ ಬರುತ್ತಿದ್ದ. ಹುಲ್ಲು ಸುತ್ತಲಿಂದ ಕರಗುತ್ತ ಹೋಗಿ ನಡುವೆ ಒಂದು ಕಣದಷ್ಟು ಉಳಿದಾಗ ಅವನು ಕೈ ನಿಲ್ಲಿಸಿದ.

"ಇಲ್ಲಿ ಕೇಳ. ಆ ಹೆಣ್ಣು ಚಿಗರಿ ನೋಡ, ಆಗಿಂದ ಬದುವಿನ ಮ್ಯಾಲ ಅತ್ತ ಇತ್ತ ಓಡ್ಯಾಡಾಕತ್ತೈತಿ. ಹೋಗವಲ್ದು. ಒಳಗ ಮರಿ ಐತೇನೋ. ಸ್ವಲ್ಪ ತಡಿ, ನಾ ನೋಡ್ತೀನಿ."

ಗುಡ್ಡವ್ವ ತಲೆಯೆತ್ತಲಿಲ್ಲ. ಎಡಗಡೆಯಲ್ಲಿ ಉಮಾ ನಾಲ್ಕು ಮಾರು ದೂರದಲ್ಲಿದ್ದಳು, ಅವಳ ಕುಡಗೋಲಿನ ಸರಸರ ಕೇಳಿಸುತ್ತಿತ್ತು.

"ನೀವು ಸಿವುಡು ಕಟ್ರಿ. ಚಿಗರಿ ಮನಸಿನ್ಯಾಗಿಂದು ತಿಳಿಯಾಕ ನಿಮಗ ಮೊದ್ಲು ಹೆಂಡ್ತಿ ಮನಸಿನ್ಯಾಗಿಂದು ತಿಳೀಬೇಕ್ರಿ" ಎಂದಳು. ಹೆಂಗಸರು ನಕ್ಕರು. ನಗೆಗೆ ಅವಳ ಕೈ ಇನ್ನೂ ಚುರುಕಾಯಿತು.

ಉಮಾಗಿಂತ ಒಂದು ಮಾರು ಮುಂದೆ ಅವಳು ನಡು ಮುಟ್ಟಿದಳು. ಎಡಗೈಯಲ್ಲಿ ಹಿಡಿತುಂಬ ಹುಲ್ಲು ಹಿಡಿದು ಬಲಗೈಯಿಂದ ಎಳೆದಳು. ಕುಡಗೋಲು ಹುಲ್ಲಿನಲ್ಲಿ ಹೋಗುವ ಹಾಗೆ ಹೋಗಲಿಲ್ಲ, ಏನೋ ಮೆತ್ತಗಿದ್ದದ್ದಕ್ಕೆ ತಾಗಿತು. ಮರಿ ಕೂಗಲೂ ಇಲ್ಲ. ಮಣ್ಣಿನ ಬಣ್ಣದ್ದು, ಮೊಲಕ್ಕಿಂತ ಸ್ವಲ್ಪ ದೊಡ್ಡದು. ಅಷ್ಟು ಜನ, ಅಷ್ಟು ಗದ್ದಲ ಸುತ್ತಲಿಂದ ಮುತ್ತಿಕೊಂಡು ಬಂದರೂ ತಾಯಿ ಹೇಳಿದಲ್ಲೇ ಮಲಗಿತ್ತು. ಹಿಂಗಾಲು ಮೊಣಕಾಲಿನ ಕೆಳಗೆ ತೂಗಾಡುತ್ತಿತ್ತು. ಕಣ್ಣು ಬಿಟ್ಟುಕೊಂಡು ಗುಡ್ಡವ್ವನನ್ನು ನೋಡುತ್ತಿತ್ತು.

ಕೂಗು ಹಾಕಬೇಕಾದವಳು ಕೂತುಬಿಟ್ಟಳು. ಉಮಾ ಓಡಿಬಂದು ನೋಡಿ ಸೆರಗು ಬಾಯಿಗೆ ಒತ್ತಿಕೊಂಡಳು. ಪರಶಪ್ಪ ತನ್ನ ರುಮಾಲು ಬಿಚ್ಚಿ ಕಾಲು ಕಟ್ಟಿದ. "ನಾ ಹೇಳಿದ್ದೆ" ಎನ್ನಲಿಲ್ಲ. ಅಂದಿದ್ದರೆ ಗುಡ್ಡವ್ವನಿಗೆ ಎಷ್ಟೋ ಹಗುರಾಗುತ್ತಿತ್ತು.

"ಎತ್ತು, ಎತ್ತು! ಸುಮ್ನ ಕುಂತ್ರ ಹ್ಯಾಂಗ?" ಎಂದು ಖಾತುನಬಿ ಟೆಂಪೋದಿಂದ ಹುಲ್ಲು ಕೆಳಗೆ ಕೆಡವಿಸಿದಳು. ಮರಿಯನ್ನು ಮಡಿಲಲ್ಲಿಟ್ಟುಕೊಂಡು ಗುಡ್ಡವ್ವ ಗಜೇಂದ್ರಗಡದ ದನದ ದವಾಖಾನಿಗೆ ಹೋದಳು. ದಾರಿಯುದ್ದಕ್ಕೂ ಅದರ ಎದೆ ಅವಳ ಅಂಗೈ ಕೆಳಗೆ ಡವಡವ ಬಡಿಯಿತು. ಡಾಕ್ಟರು ಮಾಡುವಷ್ಟು ಮಾಡಿದರು. ರಕ್ತ ಬಹಳ ಹೋಗಿತ್ತು. ಮಧ್ಯಾಹ್ನ ಮೂರರ ಹೊತ್ತಿಗೆ ಬಡಿತ ನಿಂತಿತು.

ಸುದ್ದಿ ಕೇಳಿ ಮುಕುಂದ ಗದುಗಿನಿಂದ ಧಾವಿಸಿ ಬಂದ. ಟೊಪ್ಪಿಗೆ ಎಲ್ಲೋ ಬಿದ್ದಿತ್ತು. ಸತ್ತ ಮರಿಯನ್ನು ನೋಡಿ ಅವನ ಕಣ್ಣು ತುಂಬಿದವು, ಅದನ್ನು ಸುಳ್ಳೆನ್ನಲಾಗದು. ಆದರೆ ಕಣ್ಣು ಒರೆಸಿಕೊಂಡ ಮೇಲೆ ಅವನು ಚೀಲದಿಂದ ತೆಗೆದದ್ದು ಒಂದು ಫಾರಮ್ಮು. ದವಾಖಾನಿಯ ಅಂಗಳದ ಬೇವಿನ ಕೆಳಗೆ ಗುಡ್ಡವ್ವನನ್ನೂ ಪರಶಪ್ಪನನ್ನೂ ಕೂರಿಸಿಕೊಂಡು, ಅತ್ತಿತ್ತ ನೋಡಿ ದನಿ ತಗ್ಗಿಸಿದ.

"ಅರಣ್ಯದವರು ಬರ್ಲಿಕ್ಹತ್ಯಾರ. ಅವರು ಬರೂದ್ರಾಗ ನಾ ಇದನ್ನ ಬರೀಬೇಕು. ಕಾರಣದ ಕಡೆ 'ನಾಯಿ ಕಚ್ಚಿದ್ದು' ಅಂತ ಬರೀತೀನ್ರೀ. ಡಾಕ್ಟರು ಕಾಲಿಗೆ ಗಾಯ ಅಂತಷ್ಟೇ ಬರದಾರ. ನಿಮಗೇನೂ ತ್ರಾಸ ಆಗೂದಿಲ್ಲ, ರೊಕ್ಕಾನೂ ನಿಲ್ಲೂದಿಲ್ಲ."

"ಯಾರ ನಾಯಿ?" ಎಂದಳು ಗುಡ್ಡವ್ವ.

"ಯಾರದೂ ಅಂತ ಅಲ್ರೀ... ಬಾಜೂಕ ಆ ಮೈಲಾರಿ ಇದ್ದನಲ್ಲ. ಅವಗ ನಮ್ಮ ಹುಲ್ಲಿನ ಹೊಲಗಳಿಗೆ ಬರಬ್ಯಾಡ ಅಂತ ಒಂದು ನೋಟಿಸು ಹೋಗತದ, ಅಷ್ಟ. ಅವರಿಗೇನು, ಅಡ್ಡಾಡೂ ಮಂದಿ, ಬ್ಯಾರೆ ಕಡೆ ಹೋಗ್ತಾರ."

"ಖರೇ ಬರದ್ರ?"

ಮುಕುಂದ ಪೆನ್ನಿನ ಮುಚ್ಚಳ ಹಾಕಿದ, ತೆಗೆದ. "ಖರೇ ಬರದ್ರ ಕರಾರು ಮುರದಂಗ ಆಗತದ. ಎರಡು ವರ್ಷ ರೊಕ್ಕ ಬರೂದಿಲ್ರೀ. ಅರಣ್ಯದವರ ವಿಚಾರಣಿ ಬ್ಯಾರೆ. ನಮ್ಮ ಸಂಸ್ಥಾಕ್ಕೂ ಹೆಸರು ಕೆಡತದ. ಎಲ್ಲಾರಿಗೂ ಚಲೋ ಆಗೂ ಹಂಗ ನೋಡ್ಬೇಕಲ್ರೀ."

ಮುಕುಂದ ಕೆಟ್ಟವನಲ್ಲ. ಕೆಟ್ಟವನಾಗಲಿಕ್ಕೂ ಒಂದಿಷ್ಟು ಧೈರ್ಯ ಬೇಕು. ಇಂಥವರು ಜಗತ್ತಿನಲ್ಲಿ ಬಹಳ. ಕಣ್ಣೀರು ಖರೆಯದು, ಕಾಗದ ಸುಳ್ಳಿನದು.

ಗುಡ್ಡವ್ವ ಗಂಡನನ್ನು ನೋಡಿದಳು. ಎರಡು ವರ್ಷ ರೊಕ್ಕ ನಿಂತರೆ ಏನಾಗುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಬೇಕಾಗಿರಲಿಲ್ಲ. ಸೊಂಟಕ್ಕೆ ಕೈಯೂರಿ ಕೂತಿದ್ದ ಈ ಮನುಷ್ಯ ಸಂಕ್ರಮಣ ಕಳೆದ ಮೇಲೆ ಮತ್ತೆ ಗೋವಾದ ಬಸ್ಸು ಹತ್ತುತ್ತಾನೆ. ಹೋದಂತೆಯೇ ತಿರುಗಿ ಬರುತ್ತಾನೆಂಬ ಭರವಸೆ ಈಗಿಲ್ಲ. ಅದು ಬೇಡವೆಂದರೆ ದಾರಿ ಸುಲಭ. ಮೈಲಾರಿ ಅವಳ ಬಂಧುವೇ, ಬಳಗವೇ? ರೊಟ್ಟಿ ಕಳ್ಳ. ಅವನ ನಾಯಿಗಳ ಮೇಲೆ ಅವಳು ಹೊರಿಸದ ಆರೋಪವಿಲ್ಲ. ಇದೂ ಒಂದು ಎಂದುಕೊಂಡರಾಯಿತು.

ಬೈಯಲು ಯಾರಾದರೂ ಸಿಗುತ್ತಾರೇನೋ ಎಂದು ಅವಳು ಮನಸ್ಸಿನಲ್ಲೇ ಹುಡುಕಿದಳು. ಮುಕುಂದ ನಡುವಿನಿಂದ ಕೊಯ್ಯಿ ಎಂದು ಹೇಳಿದ್ದ. ಗಂಡ ತಡಿ ಎಂದಿದ್ದ. ಉಮಾ ಓಡಿದ್ದು ವಯಸ್ಸಿನ ಹುಮ್ಮಸ್ಸಿಗೆ. ತಾನು ಓಡಿದ್ದು ಯಾತಕ್ಕೆ? ಆಡಿಕೊಳ್ಳುವವರ ಮುಂದೆ ಎಡವಿ ಬೀಳಬಾರದೆಂದು. ಆ ತೋಟಪ್ಪನಂಥವನ ಬಾಯಿಗೆ ಹೆದರಿ. ತನ್ನ ಮೇಲೆ ತನಗೇ ಅಸಹ್ಯ ಹುಟ್ಟಿತು, ಇಷ್ಟು ವರ್ಷ ಊರವರಿಗೆಲ್ಲ ಹಂಚಿದ ತಿರಸ್ಕಾರ ಒಟ್ಟಿಗೆ ಮನೆಗೆ ಬಂದ ಹಾಗೆ.

"ಕುಡಗೋಲಿನ ಗಾಯ ನಾಯಿ ಕಚ್ಚಿದಂಗ ಇರತೈತೇನೋ ಸಾಹೇಬಾ?" ಎಂದಳು. ಮರ್ಯಾದೆ ಬಿಟ್ಟುಹೋಗಿತ್ತು. "ಹುಲ್ಲು ಹ್ಯಾಂಗ ಕೊಯ್ಬೇಕು ಅಂತ ನನಗ ಕಲಸಾಕ ಬಂದಿದ್ದಿ. ಅದೊಂದ ಮಾತು ನೀ ಖರೇ ಹೇಳಿದ್ದು, ಅದನ್ನ ನಾ ಕೇಳಲಿಲ್ಲ. ಈಗ ಸುಳ್ಳು ಹೇಳೂದು ಕಲಸಾಕ ಬರಬ್ಯಾಡ. ಬರಿ: ಗುಡ್ಡವ್ವ ಹೇಳಿದಂಗ ಕೊಯ್ಲಿಲ್ಲ, ಗುಡ್ಡವ್ವನ ಕುಡಗೋಲಿಗೆ ಸತ್ತೈತಿ."

"ಗುಡ್ಡವ್ವಾರ, ಸ್ವಲ್ಪ ವಿಚಾರ ಮಾಡ್ರಿ. ನಿಮ್ಮ ಯಜಮಾನರ ವಯಸ್ಸು..."

"ಬರೀರಿ" ಎಂದ ಪರಶಪ್ಪ. ಆ ದಿನ ಅವನಾಡಿದ ಎರಡನೆಯ ಮಾತು ಅದು. "ಆಕಿ ಹೇಳಿದಂಗ ಬರೀರಿ."

ಅರಣ್ಯದವರು ಬಂದು ಪಂಚನಾಮೆ ಮಾಡಿಕೊಂಡು ಹೋದರು. ಬೇಕೆಂದು ಮಾಡಿದ್ದಲ್ಲ ಎಂದು ಹೆಂಗಸರೆಲ್ಲ ಹೇಳಿಕೆ ಕೊಟ್ಟರು, ಉಮಾ ಎಲ್ಲರಿಗಿಂತ ಮೊದಲು. ಸಂಸ್ಥೆಯಿಂದ ಎರಡು ವರ್ಷ ರೊಕ್ಕವಿಲ್ಲವೆಂಬ ಕಾಗದ ಬಂತು. ಅವಳ ಹೊಲದ ಕೂಳೆಗೆ ಕುರಿ ಬಿಡುವ ಮೊದಲು ಮೈಲಾರಿ ಬಂದು ನಿಂತು ಕಂಬಳಿಯ ಅಂಚು ತಿರುವಿದ.

"ನಿನ್ನ ಸಲುವಾಗಿ ಮಾಡಿಲ್ಲ, ಉಬ್ಬಬ್ಯಾಡ" ಎಂದಳು ಗುಡ್ಡವ್ವ. "ನಿನ್ನ ನಾಯಿ ಕಳ್ಳ ನಾಯಿನ. ಆದ್ರ ಇದನ್ನ ಅವು ಮಾಡಿಲ್ಲ."

ಊರಿಗೆ ಆಡಿಕೊಳ್ಳಲು ವರ್ಷಕ್ಕಾಗುವಷ್ಟು ಸಿಕ್ಕಿತು. "ಈಗರ ನೇಗಿಲ ಹೂಡಸ. ಚಿಗರಿನೂ ಸತ್ತು, ರೊಕ್ಕಾನೂ ಹೋತು" ಎಂದು ತೋಟಪ್ಪ ಉಪದೇಶ ಮಾಡಿದ. ಗುಡ್ಡವ್ವ ಅವನನ್ನು ನೋಡಿದಳು, ಏನೂ ಅನ್ನದೆ ಹೋದಳು. ಅವನಿಗೆ ಅದೇ ಹೆಚ್ಚು ಚುಚ್ಚಿತು.

ಸಂಕ್ರಮಣ ಕಳೆದು ನಾಲ್ಕನೆಯ ದಿನ ಗೋವಾಕ್ಕೆ ಹೋಗುವ ತಂಡ ಗಜೇಂದ್ರಗಡದ ಬಸ್‌ಸ್ಟ್ಯಾಂಡಿನಲ್ಲಿ ಸೇರಿತು. ಪರಶಪ್ಪ ಗಂಟು ಹೊತ್ತು ಬಂದಿದ್ದ, ಗುಡ್ಡವ್ವ ಜೊತೆಗಿದ್ದಳು. ಬಸ್ಸು ಬಂದಾಗ ಅವಳು ಗಂಟು ಅವನ ಹೆಗಲಿನಿಂದ ಇಳಿಸಿಕೊಂಡು ತಾನೇ ಮೆಟ್ಟಿಲು ಹತ್ತಿದಳು. ಹಿಂದಿನ ಸಂಜೆ ಇದೇ ಮಾತಿಗೆ ಮನೆಯಲ್ಲಿ ಜಗಳವಾಗಿತ್ತು; ಅವನು ಸೋತಿದ್ದ.

"ಇನ್ನೂ ಹೊತ್ತು ಮೀರಿಲ್ಲ, ಇಳಿ. ಅಲ್ಲಿ ಬುಟ್ಟಿ ಹೊರೂದು ನಿನಗ ಆಗಂಗಿಲ್ಲ" ಎಂದ ಪರಶಪ್ಪ ಕಿಟಕಿಯ ಕೆಳಗೆ ನಿಂತು.

"ಮರಿ ಕಾಲು ನೀವು ಕೊಯ್ದೀರೇನ್ರಿ? ನಾ ಕೊಯ್ದಿದ್ದು ನಾ ತುಂಬತೀನಿ. ಮುಂಗಾರಿಗೆ ಬರ್ತೀನಿ. ಅಷ್ಟರಾಗ ಯಾರದರ ಮಾತು ಕೇಳಿ ಹೊಲಕ್ಕ ನೇಗಿಲ ಹಚ್ಚಿದ್ರ, ಬಂದು ಎರಡೂ ಕಾಲು ಮುರೀತೀನ್ರಿ. ಹೊತ್ತಿಗೆ ಸರಿಯಾಗಿ ಉಣ್ರಿ."

ಬಸ್ಸು ರೋಣದ ದಾರಿ ಹಿಡಿಯಿತು. ಪಕ್ಕದ ಸೀಟಿನಲ್ಲಿ ಬೇರೆ ಊರಿನ ಹೆಂಗಸೊಬ್ಬಳು ಕೂತಿದ್ದಳು, ಅವಳೂ ಕೆಲಸಕ್ಕೆ ಹೊರಟವಳೇ. ಸ್ವಲ್ಪ ದೂರ ಹೋದ ಮೇಲೆ ಮಾತಿಗೆ ಎಳೆದಳು.

"ಈ ವಯಸ್ಸಿನ್ಯಾಗ ಹೊಂಟೀಯಲ್ಲಬೇ ಯಕ್ಕಾ. ಹೊಲಾ ಮನಿ ಇಲ್ಲೇನು?"

"ಐತಿ. ಐದೆಕರೆ."

"ಮತ್ತ? ಏನೈತಿ ಹೊಲ್ದಾಗ?"

ಗುಡ್ಡವ್ವ ಕಿಟಕಿಯ ಹೊರಗೆ ನೋಡುತ್ತಿದ್ದಳು. ಗುಡ್ಡ ಹಿಂದೆ ಸರಿಯುತ್ತಿತ್ತು.

"ಚಿಗರಿ ಅದಾವು" ಎಂದಳು. "ಹದಿನೆಂಟು. ಹತ್ತೊಂಬತ್ತು ಇರಬೇಕಿತ್ತು."

ಆ ಹೆಂಗಸಿಗೆ ಏನೂ ತಿಳಿಯಲಿಲ್ಲ. ಟಿಕೀಟು ಕೇಳುತ್ತ ಕಂಡಕ್ಟರು ಬಂದ, ಗುಡ್ಡವ್ವ ಸೆರಗಿನ ಗಂಟು ಬಿಚ್ಚಿದಳು.